ಚಿಲಕಹಳ್ಳಿ, ಚಿಲಕಪಲ್ಲಿ

ಶಿಡ್ಲಘಟ್ಟದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಔಷಧಿ ಅಂಗಡಿಯಿದೆ. ಅದರ ಮೇಲಿನ ಕೋಣೆಯಲ್ಲಿ ಪ್ರತಿ ಭಾನುವಾರ ಹತ್ತು ಗಂಟೆಗೆ ನಾಲ್ಕು ಜನ ಸೇರಿ ಒಂದೇ ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ನೋಡಿದವರು ಪಾಪ, ಇವರಿಗೆ ಇನ್ನೊಂದು ಕೊಳ್ಳಲು ಗತಿಯಿಲ್ಲ ಎಂದುಕೊಳ್ಳಬೇಕು. ಗತಿಯೇನೋ ಇತ್ತು. ಮೂವರ ಚೀಲಗಳಲ್ಲೂ ಒಂದೊಂದು ಲ್ಯಾಪ್‌ಟಾಪ್ ಬೆಚ್ಚಗೆ ಮಲಗಿರುತ್ತಿತ್ತು. ಅವುಗಳಲ್ಲಿ ಒಂದನ್ನು ಮಾತ್ರ ತೆರೆದು, ಗೋಡೆಯ ಟಿವಿಗೆ ಜೋಡಿಸಿ, ಎಲ್ಲರೂ ಅದನ್ನೇ ನೋಡುತ್ತ ಪ್ರೋಗ್ರಾಂ ಬರೆಯಬೇಕೆಂಬುದು ನರಸಿಂಹಮೂರ್ತಿ ಮೇಷ್ಟ್ರ ಕಟ್ಟಳೆ.

ಮೇಷ್ಟ್ರು ಚಿಕ್ಕಬಳ್ಳಾಪುರದ ಕಡೆಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು. ನಿವೃತ್ತರಾದ ಮೇಲೆ ಅವರಿಗೆ ಹಿಡಿದ ಹುಚ್ಚು ಇದು. ಕಟ್ಟಳೆಯ ಇನ್ನರ್ಧ ಇನ್ನೂ ವಿಚಿತ್ರವಾಗಿತ್ತು. ಕೀಲಿಮಣೆಯ ಮುಂದೆ ಕೂತವರು ಸ್ವಂತ ಬುದ್ಧಿಯಿಂದ ಒಂದಕ್ಷರವನ್ನೂ ಒತ್ತುವಂತಿಲ್ಲ. ಉಳಿದವರು ಬಾಯಿಬಿಟ್ಟು ಹೇಳಿದ್ದನ್ನಷ್ಟೇ ಒತ್ತಬೇಕು. ಏಳು ನಿಮಿಷಕ್ಕೊಮ್ಮೆ ಮೇಷ್ಟ್ರ ಫೋನು ಕೂಗಿಕೊಳ್ಳುತ್ತದೆ. ಆಗ ಕೂತವರು ಏಳಬೇಕು, ಪಕ್ಕದವರು ಕೂರಬೇಕು. ನಿಮಗೆ ಏನಾದರೂ ಹೊಳೆಯಿತೋ, ಅದನ್ನು ಇನ್ನೊಬ್ಬರ ತಲೆಗೆ ಹತ್ತುವಂತೆ ಬಿಡಿಸಿ ಹೇಳಿ ಅವರ ಕೈಯಿಂದ ಬರೆಸಬೇಕು. ಹೇಳಲು ಬರಲಿಲ್ಲವೆಂದರೆ ಹೊಳೆದದ್ದು ಹೊಳೆದಲ್ಲಿಯೇ ಇರಲಿ ಎನ್ನುತ್ತಿದ್ದರು ಮೇಷ್ಟ್ರು.

ತನುಜಳಿಗೆ ಈ ಕಟ್ಟಳೆ ಮೊದಲ ದಿನವೇ ಅಡ್ಡ ಬಂತು. ಕೈವಾರದ ಹೆಣ್ಣುಮಗಳು, ವಯಸ್ಸು ಮೂವತ್ತನಾಲ್ಕು. ಚಿಂತಾಮಣಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ವರದಿಗಳನ್ನು ಟೈಪ್ ಮಾಡುತ್ತಿದ್ದಳು. ಬೆರಳಿನ ಓಟದಲ್ಲಿ ಅವಳನ್ನು ಮೀರಿಸುವವರು ಆ ತಾಲ್ಲೂಕಿನಲ್ಲಿ ಇರಲಿಲ್ಲ. ಅದೊಂದೇ ತನ್ನ ಬಂಡವಾಳವೆಂದು ಅವಳೂ ನಂಬಿದ್ದಳು. ಪ್ರೋಗ್ರಾಂ ಬರೆಯುವುದನ್ನು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಫೋನಿನ ವಿಡಿಯೋ ನೋಡಿ ಒಬ್ಬಳೇ ಕಲಿತಿದ್ದಳು. ಭಾನುವಾರದ ಮೊದಲ ಸರದಿಯಲ್ಲಿ ಮುನೇಶ್ ಬಾಯಿ ತೆರೆಯುವಷ್ಟರಲ್ಲಿ ಇವಳು ಮೂರು ಸಾಲು ಒತ್ತಿಯಾಗಿತ್ತು.

"ಅಮ್ಮಾ, ಅವನಿನ್ನೂ ಏನೂ ಹೇಳಿಲ್ಲ," ಎಂದರು ಮೇಷ್ಟ್ರು.

"ಇದೇ ತಾನೆ ಸಾರ್ ಅವ್ರು ಹೇಳೋಕೆ ಹೊರ್ಟಿದ್ದು?"

"ಇರಬಹುದು. ಅಳಿಸಮ್ಮ."

ಅಳಿಸಿದಳು. ಮುನೇಶ್ ಗೌರಿಬಿದನೂರಿನವನು, ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ, ತನುಜಳಿಗಿಂತ ಎಂಟು ವರ್ಷ ಚಿಕ್ಕವನು. ಅವನು ಹೇಳಿದ್ದು ಬೇರೆಯೇ ಆಗಿತ್ತು, ಇವಳು ಬರೆದದ್ದಕ್ಕಿಂತ ಚೆನ್ನಾಗಿಯೂ ಇತ್ತು. ಆ ದಿನ ಬಸ್ಸಿನಲ್ಲಿ ಚಿಂತಾಮಣಿ ಮುಟ್ಟುವವರೆಗೂ ಅವಳ ಮೋರೆ ಗಂಟಿಕ್ಕಿಕೊಂಡೇ ಇತ್ತು.

ನಾಲ್ಕನೆಯವರು ಗಂಗುಲಮ್ಮ, ಸಾದಲಿ ಕಡೆಯ ಆಶಾ ಕಾರ್ಯಕರ್ತೆ. ಐವತ್ತು ದಾಟಿದ ಹೆಂಗಸು. ಇವರು ಪ್ರೋಗ್ರಾಂ ಬರೆಯುವವರಲ್ಲ, ಬಳಸುವವರು. ಯಾಕೆಂದರೆ ಆ ನಾಲ್ವರು ತಿದ್ದುತ್ತಿದ್ದುದು 'ತೊಟ್ಟಿಲು' ಎನ್ನುವ ಒಂದು ತಂತ್ರಾಂಶವನ್ನು. ಹಳ್ಳಿಯ ಯಾವ ಮಗುವಿಗೆ ಯಾವ ಸೂಜಿ ಹಾಕಿದೆ, ಯಾವುದು ಬಾಕಿಯಿದೆ ಎಂದು ಆರೋಗ್ಯ ಕಾರ್ಯಕರ್ತೆಯರ ಫೋನಿನಲ್ಲಿ ತೋರಿಸುವ ಪಟ್ಟಿ ಅದು. ಓಪನ್ ಸೋರ್ಸ್, ಅಂದರೆ ಒಳಗಿನ ಬರಹವನ್ನೆಲ್ಲ ಯಾರು ಬೇಕಾದರೂ ಓದಬಹುದು, ಸರಿಪಡಿಸಿ ಕಳಿಸಬಹುದು. ಅದನ್ನು ನೋಡಿಕೊಳ್ಳುವ ಹಿರಿಯರು ಪುಣೆ, ಗುವಾಹಟಿ, ಕೊಲಂಬೊಗಳಲ್ಲಿ ಕೂತು, ಬಂದ ತಿದ್ದುಪಡಿಗಳನ್ನು ಓದಿ, ಸರಿಯಿದ್ದರೆ ಸೇರಿಸಿಕೊಳ್ಳುತ್ತಾರೆ. ಬಳಸುವವರು ಎದುರಿಗಿಲ್ಲದೆ ಒಂದು ಸಾಲನ್ನೂ ಮುಟ್ಟಬಾರದೆಂದು ಮೇಷ್ಟ್ರು ಗಂಗುಲಮ್ಮನವರನ್ನು ಸಾದಲಿಯಿಂದ ಕರೆಸಿಕೊಳ್ಳುತ್ತಿದ್ದರು. ಅವರೋ, ಇದೆಲ್ಲ ಏನೆಂದು ಅರ್ಥವಾಗದಿದ್ದರೂ, ಟಿವಿಯಲ್ಲಿ ಧಾರಾವಾಹಿ ನೋಡುವಷ್ಟೇ ಶ್ರದ್ಧೆಯಿಂದ ಕೋಡು ನೋಡುತ್ತ ಕೂರುತ್ತಿದ್ದರು.

ತನುಜ ಬಿಟ್ಟುಹೋಗಲಿಲ್ಲ. ಯಾಕೆ ಬಿಡಲಿಲ್ಲವೆಂದು ಅವಳನ್ನು ಕೇಳಿದ್ದರೆ ಹೇಳುತ್ತಿದ್ದಳೋ ಇಲ್ಲವೋ. ಮೂರು ತಿಂಗಳು ಎಲ್ಲದಕ್ಕೂ 'ಹೂಂ' ಎನ್ನುತ್ತ ತಳ್ಳಿದಳು. ಅರ್ಥವಾದದ್ದಕ್ಕೂ ಹೂಂ, ಆಗದ್ದಕ್ಕೂ ಹೂಂ. ನಾಲ್ಕನೇ ತಿಂಗಳ ಒಂದು ಭಾನುವಾರ ಸರದಿ ಬದಲಾಗಿ, ಅವಳು ಹೇಳಬೇಕು, ಮುನೇಶ್ ಒತ್ತಬೇಕು ಎಂದಾಗ ಬಾಯಿ ಕಟ್ಟಿಹೋಯಿತು. "ನಂಗೊತ್ತಿಲ್ಲ," ಎಂದುಬಿಟ್ಟಳು. ಹನ್ನೊಂದು ವರ್ಷದ ನೌಕರಿಯಲ್ಲಿ ಒಮ್ಮೆಯೂ ಆಡದ ಮಾತು ಅದು. ಲ್ಯಾಬಿನಲ್ಲಿ ಆಡಿದ್ದರೆ ಕೆಲಸಕ್ಕೇ ಕುತ್ತು. ಇಲ್ಲಿ ಏನೂ ಆಗಲಿಲ್ಲ. ಮುನೇಶ್, "ನಂಗೂ ಗೊತ್ತಿಲ್ಲ ಕಣಕ್ಕ," ಎಂದ. ಮೇಷ್ಟ್ರು, "ಹಾಗಾದ್ರೆ ಹುಡುಕೋಣ," ಎಂದರು.

ಅಲ್ಲಿಂದಾಚೆಗೆ ಅವಳು ಕಲಿತದ್ದು ಬಹಳ. ದೊಡ್ಡ ತೊಡಕನ್ನು ಸಣ್ಣ ಸಣ್ಣದಾಗಿ ಬಿಡಿಸುವುದು, ಬರೆದದ್ದು ಸರಿಯೇ ಎಂದು ನೋಡುವ ಪರೀಕ್ಷೆಯನ್ನು ಬರೆಯುವ ಮೊದಲೇ ಸಿದ್ಧಮಾಡಿಟ್ಟುಕೊಳ್ಳುವುದು, ಇನ್ನೊಬ್ಬರು ಬರೆದದ್ದನ್ನು ಸಿಟ್ಟಾಗದೆ ಓದುವುದು. ವರ್ಷ ತುಂಬುವ ಹೊತ್ತಿಗೆ ಪುಣೆಯ ಹಿರಿಯ ಹೆಂಗಸಿನ ಇಂಗ್ಲಿಷ್ ಟಿಪ್ಪಣಿಗಳಿಗೆ ತಾನೇ ಉತ್ತರ ಹೇಳಿ ಬರೆಸುವಷ್ಟು ಧೈರ್ಯ ಬಂದಿತ್ತು. ಕಳಿಸಿದ ಪ್ರತಿ ತಿದ್ದುಪಡಿಗೂ ಬರೆದವರ ಹೆಸರು ಬೇಕಲ್ಲ. ನಾಲ್ವರದನ್ನೂ ಸೇರಿಸಿ 'ಭಾನುವಾರ' ಎಂದು ಇಟ್ಟುಕೊಂಡಿದ್ದರು. ಕೊಲಂಬೊದವರು ಬಹಳ ದಿನ ಅದು ಯಾರೋ ಒಬ್ಬ ವ್ಯಕ್ತಿಯ ಹೆಸರೆಂದೇ ತಿಳಿದಿದ್ದರಂತೆ.

ಹೀಗಿರುವಾಗ ಜನವರಿಯಲ್ಲಿ ಎರಡು ಸಮಾಚಾರ ಒಟ್ಟಿಗೆ ಬಂದವು. ಮೊದಲನೆಯದು ಲ್ಯಾಬಿನದು. ಏಪ್ರಿಲ್‌ನಿಂದ ಹೊಸ ಯಂತ್ರ ಬರುತ್ತದೆ, ವರದಿಯನ್ನು ಅದೇ ಅಚ್ಚು ಹಾಕಿ ಕೊಡುತ್ತದೆ, ತನುಜ ಬೇರೆ ಕಡೆ ನೋಡಿಕೊಂಡರೆ ಒಳ್ಳೆಯದು. ಇಷ್ಟನ್ನು ಮಾಲೀಕರು ಕಾಫಿ ಕುಡಿಸಿಯೇ ಹೇಳಿದರು. ಎರಡನೆಯದು ತೊಟ್ಟಿಲಿನವರದು. ಆರು ತಿಂಗಳ ಮಟ್ಟಿಗೆ ಒಬ್ಬರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುತ್ತಾರೆ, ಚೆನ್ನಾಗಿ ಮಾಡಿದರೆ ಮುಂದುವರಿಸುತ್ತಾರೆ, ಇದ್ದ ಊರಿನಿಂದಲೇ ಕೆಲಸ. ಮುನೇಶ್ ಅದನ್ನು ಭಾನುವಾರ ಗಟ್ಟಿಯಾಗಿ ಓದಿದ. ಆ ದಿನ ಪಲ್ಸ್ ಪೋಲಿಯೋ ಇದ್ದುದರಿಂದ ಗಂಗುಲಮ್ಮ ಬಂದಿರಲಿಲ್ಲ.

"ತನುಜಕ್ಕ ಹಾಕ್ಲಿ ಸಾರ್," ಎಂದ ಮುನೇಶ್. "ನಂಗೆ ಕಾರ್ಖಾನೆ ಇದೆ. ನಿಮಗೆ ಪೆನ್ಷನ್ನಿದೆ."

ಮೇಷ್ಟ್ರು ಒಪ್ಪಿದರು. ತನುಜಳ ಎದೆ ಹಗುರಾಯಿತು. ಮನೆಗೆ ಹೋಗಿ ಫಾರಂ ತೆರೆದು ನೋಡಿದಾಗ ಮೂರನೇ ಪ್ರಶ್ನೆಯಲ್ಲಿ ಸಿಕ್ಕಿಬಿದ್ದಳು. ನೀವೊಬ್ಬರೇ ಮಾಡಿದ ಒಂದು ಕೆಲಸವನ್ನು ತೋರಿಸಿ, ಎಂದಿತ್ತು. ಒಂದು ವರ್ಷ ಎರಡು ತಿಂಗಳು ದುಡಿದದ್ದರಲ್ಲಿ ಅವಳೊಬ್ಬಳದು ಎನ್ನುವಂಥ ಒಂದು ಸಾಲೂ ಇರಲಿಲ್ಲ. ಎಲ್ಲವೂ ಭಾನುವಾರದ್ದು.

ಇದನ್ನು ಅವಳು ಮೇಷ್ಟ್ರಿಗೆ ಹೇಳಬಹುದಿತ್ತು. ಹೇಳಲಿಲ್ಲ. ತೊಟ್ಟಿಲಿನ ದೂರುಗಳ ಪಟ್ಟಿಯಲ್ಲಿ ಎರಡು ವರ್ಷದಿಂದ ಯಾರೂ ಮುಟ್ಟದೆ ಬಿದ್ದಿದ್ದ ಒಂದು ದೂರನ್ನು ಗುಟ್ಟಾಗಿ ಎತ್ತಿಕೊಂಡಳು.

ದೂರು ಇಷ್ಟೇ. ಈ ಸೀಮೆಯಲ್ಲಿ ಒಂದೇ ಊರನ್ನು ಕನ್ನಡದವರು ಹಳ್ಳಿ ಎನ್ನುತ್ತಾರೆ, ತೆಲುಗಿನವರು ಪಲ್ಲಿ ಎನ್ನುತ್ತಾರೆ, ಹಕಾರ ನುಂಗುವವರು ಅಳ್ಳಿ ಎನ್ನುತ್ತಾರೆ. ಆಶಾ ಒಂದು ಬಗೆ, ನರ್ಸು ಇನ್ನೊಂದು ಬಗೆ ಬರೆದರೆ ತೊಟ್ಟಿಲಿಗೆ ಅವು ಮೂರು ಊರು. ಒಂದೇ ಮಗು ಎರಡು ಕಡೆ ದಾಖಲಾಗಿ, ಹಾಕಿದ ಸೂಜಿಯನ್ನೇ ಮತ್ತೆ ಬಾಕಿ ಎಂದು ತೋರಿಸುತ್ತಿತ್ತು. ಪುಣೆಯವರಿಗೆ ಇದರ ತಲೆಬುಡ ತಿಳಿಯದು. ತನುಜಳಿಗೆ ಅಂಗೈ ಮೇಲಿನ ಗೆರೆಯಷ್ಟು ಪರಿಚಿತ. ಮನೆಯಲ್ಲಿ ತೆಲುಗು, ಲ್ಯಾಬಿನಲ್ಲಿ ಕನ್ನಡ, ರಕ್ತ ಕೊಡಲು ಬಂದವರ ಚೀಟಿಯಲ್ಲಿ ಮೂರೂ.

ಒಂಬತ್ತು ದಿನ ಊಟದ ಬಿಡುವಿನಲ್ಲಿ ಕೂತು ಬರೆದಳು. ಹಳ್ಳಿ, ಪಲ್ಲಿ, ಅಳ್ಳಿ, ಹೇಗೆ ಬರೆದರೂ ಒಂದೇ ಊರೆಂದು ತಿಳಿ. ಹನ್ನೊಂದು ಸಾಲಿನ ಕೆಲಸ, ನಿಜವಾಗಿಯೂ ಅಂದವಾಗಿತ್ತು. ನಲವತ್ತು ಊರುಗಳ ಹೆಸರು ಕೊಟ್ಟು ಪರೀಕ್ಷಿಸಿದಳು. ನಲವತ್ತೂ ಅವಳಿಗೆ ಗೊತ್ತಿದ್ದ, ಕೈವಾರ ಚಿಂತಾಮಣಿಗಳ ಸುತ್ತಿನ ಊರುಗಳು. ಎಲ್ಲವೂ ಪಾಸಾದವು. ತನ್ನೊಬ್ಬಳ ಹೆಸರಿನಲ್ಲಿ ಕಳಿಸಿದಳು. ಕನ್ನಡವೂ ತೆಲುಗೂ ಬಾರದ ಪುಣೆಯ ಹೆಂಗಸು ಹೊಗಳಿ ಸೇರಿಸಿಕೊಂಡರು. ತನುಜ ಆ ಹನ್ನೊಂದು ಸಾಲನ್ನು ಫಾರಂನ ಮೂರನೇ ಪ್ರಶ್ನೆಗೆ ಅಂಟಿಸಿದಳು. ಮಾರ್ಚ್ ಮೊದಲ ಬುಧವಾರ ಸಂದರ್ಶನ ಎಂದು ಉತ್ತರ ಬಂತು. ಎರಡು ಭಾನುವಾರ ಕಳೆದರೂ ಆ ಹನ್ನೊಂದು ಸಾಲಿನ ಸುದ್ದಿಯನ್ನು ಅವಳು ಮೇಲಿನ ಕೋಣೆಯಲ್ಲಿ ಎತ್ತಲಿಲ್ಲ. ಕದ್ದದ್ದೇನಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳಬೇಕಾಗಿ ಬಂದದ್ದು ಮಾತ್ರ ದಿನಕ್ಕೆ ಮೂರು ಸಲ.

ಮೂರನೇ ಭಾನುವಾರ ಗಂಗುಲಮ್ಮ ಬರುವಾಗಲೇ ಫೋನನ್ನು ಎತ್ತಿ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಹೊಸ ತಿದ್ದುಪಡಿಗಳನ್ನು ಪ್ರಯೋಗಕ್ಕೆಂದು ಮೊದಲು ಹಾಕುವ ಫೋನುಗಳಲ್ಲಿ ಅವರದೂ ಒಂದು.

"ಏನ್ ಮಾಡಿಟ್ಟಿದ್ದೀರ್ರಪ್ಪ ನನ್ನ ಪಟ್ಟಿಗೆ? ಓದ್ ಗುರುವಾರ ಲಸಿಕೆ ದಿನ. ತೆಗುದ್ ನೋಡಿದ್ರೆ ಒಂಬತ್ತೇ ಮಕ್ಳು. ನಂಗೊತ್ತು, ಅತ್ತು ಮಕ್ಳಿರ್ಬೇಕು. ಲಾವಣ್ಯನ ಮಗೂನೇ ಇಲ್ಲ. ಉಡುಕುದ್ರೆ ಆಗ್ಲೇ ಸೂಜಿ ಆಕೈತೆ ಅಂತ ತೋರಿಸ್ತೈತೆ. ಯಾರಪ್ಪ ಆಕಿದ್ದು, ನಾನಿಲ್ದಂಗೆ?"

"ಯಾವ ಊರಿನ ಲಾವಣ್ಯ?" ಎಂದು ಕೇಳಿದರು ಮೇಷ್ಟ್ರು.

"ನಮ್ ಚಿಲಕಪಲ್ಲಿ ಲಾವಣ್ಯ. ಕೆರೆ ಆಚೆ ಚಿಲಕಳ್ಳೀಲೂ ಒಬ್ಳು ಲಾವಣ್ಯ ಅವಳೆ. ಇಬ್ರಿಗೂ ಒಂದೇ ವಾರದಲ್ಲಿ ಎರಿಗೆ ಆಗಿದ್ದು. ಅವಳ್ ಮಗೂಗೆ ಆಕಿದ್ ಸೂಜೀನ ಇವಳ್ ಲೆಕ್ಕಕ್ಕೆ ಬರೆದೈತೆ ನಿಮ್ ತೊಟ್ಟಿಲು."

ತನುಜ ಆಗ ಕೀಲಿಮಣೆಯ ಮುಂದೆ ಕೂತಿದ್ದಳು. ಸರದಿ ಅವಳದು. ಅವಳಿಗೆ ಎಲ್ಲವೂ ಅಲ್ಲೇ ತಿಳಿದುಹೋಯಿತು. ಚಿಲಕಹಳ್ಳಿ ಬೇರೆ, ಚಿಲಕಪಲ್ಲಿ ಬೇರೆ. ಅಂಥ ಎರಡು ಊರು ಇದ್ದಾವೆಂದು ಕೈವಾರದವಳಿಗೆ ಹೇಗೆ ಗೊತ್ತಾಗಬೇಕು? ಗೊತ್ತಿದ್ದವರು ಪ್ರತಿವಾರ ಪಕ್ಕದ ಕುರ್ಚಿಯಲ್ಲೇ ಕೂತಿರುತ್ತಿದ್ದರು.

"ಎರಡೂ ಒಂದೇ ಹೆಸರಲ್ವಾ ಅಕ್ಕ?" ಎಂದ ಮುನೇಶ್.

"ಎಲ್ಲಿ ಒಂದೇ? ಚಿಲಕಳ್ಳಿ ಅಂದ್ರೆ ಬಾಗ್ಲು ಚಿಲಕ. ಅಲ್ಲಿ ಕಮ್ಮಾರ್ರಿದ್ರು ಇಂದೆ. ಚಿಲಕಪಲ್ಲಿ ಚಿಲಕ ಅಂದ್ರೆ ತೆಲುಗಲ್ಲಿ ಗಿಣಿ ಕಣೋ. ಆಲದ್ ಮರದ್ ತುಂಬ ಗಿಣಿ ಇರ್ತಿದ್ವಂತೆ. ಚಿಲಕಕ್ಕೂ ಗಿಣಿಗೂ ಏನಪ್ಪ ಸಂಬಂಧ?"

ಮುನೇಶ್ ನಕ್ಕ. ಮೇಷ್ಟ್ರೂ ನಕ್ಕರು. ತನುಜಳಿಗೆ ಈಗಲೇ ಹೇಳಿಬಿಡಬೇಕೆನಿಸಿತು. ಅಷ್ಟರಲ್ಲಿ ಮುನೇಶ್ ಕುರ್ಚಿಯನ್ನು ಮುಂದಕ್ಕೆಳೆದುಕೊಂಡ.

"ಊರು ಹೋಲಿಸೋ ಫೈಲ್ ತೆಗೀರಿ ಅಕ್ಕ. ಬ್ಲೇಮ್ ಹಾಕಿ."

ಬ್ಲೇಮ್ ಎನ್ನುವುದು ಒಂದು ಆಜ್ಞೆ. ಕೊಟ್ಟರೆ, ಬರಹದ ಒಂದೊಂದು ಸಾಲಿನ ಪಕ್ಕದಲ್ಲೂ ಅದನ್ನು ಬರೆದವರ ಹೆಸರು ಮೂಡುತ್ತದೆ. ಅದಕ್ಕೆ ದೂರು, ಆಪಾದನೆ ಎಂಬರ್ಥದ ಹೆಸರನ್ನೇ ಇಟ್ಟ ಪುಣ್ಯಾತ್ಮ ಯಾರೋ ಏನೋ. ಭಾನುವಾರದ ಕೋಣೆಯಲ್ಲಿ ಅದನ್ನು ನೂರು ಸಲ ಕೊಟ್ಟಿದ್ದರು, ಆ ಅರ್ಥ ಒಮ್ಮೆಯೂ ಯಾರನ್ನೂ ಚುಚ್ಚಿರಲಿಲ್ಲ. ಕೂತವರು ಹೇಳಿದ್ದನ್ನು ಒತ್ತಬೇಕು. ತನುಜ ಒತ್ತಿದಳು. ಎಂದಿನ ವೇಗದಲ್ಲೇ ಒತ್ತಿದಳು.

ಟಿವಿಯ ತುಂಬ ಸಾಲು ಸಾಲಾಗಿ ಭಾನುವಾರ, ಭಾನುವಾರ, ಭಾನುವಾರ ಎಂದು ಬಂತು. ನಡುವೆ ಹನ್ನೊಂದು ಸಾಲಿನ ಪಕ್ಕದಲ್ಲಿ ತನುಜ ಎಂದಿತ್ತು.

ಕೆಳಗೆ ಔಷಧಿ ಅಂಗಡಿಯಲ್ಲಿ ಯಾರೋ ಕೆಮ್ಮಿನ ಔಷಧಿ ಕೇಳುತ್ತಿದ್ದುದು ಕೇಳಿಸಿತು.

"ಇದು ನೀವೇನಾ ಅಕ್ಕ?" ಎಂದ ಮುನೇಶ್. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ತನುಜಳಿಗೆ ಹೆಚ್ಚು ನೋವಾದದ್ದು.

"ಯಾಕ್ರಪ್ಪ ಎಲ್ರೂ ಸುಮ್ಕಾದ್ರಿ?" ಎಂದರು ಗಂಗುಲಮ್ಮ, ಟಿವಿಯನ್ನೂ ಇವರ ಮುಖಗಳನ್ನೂ ನೋಡುತ್ತ.

"ಎರಡೂರನ್ನ ಒಂದು ಮಾಡಿದ್ದು ನಾನೇ ಅಕ್ಕ," ಎಂದಳು ತನುಜ.

"ಔನಾ? ಯಾಕಮ್ಮ, ನನ್ನೊಂದ್ ಮಾತು ಕೇಳ್ಬಾರ್ದಾಗಿತ್ತಾ? ಒಂದು ಫೋನ್ ಮಾಡಿದ್ರೆ ಏಳ್ತಿದ್ನಲ್ಲ."

"ಕೇಳಿದ್ರೆ ಅದು ನಂದೊಬ್ಬಳ್ದೇ ಆಗ್ತಿರ್ಲಿಲ್ಲ. ಒಂದು ಫಾರಂಗೆ ನಂದೊಬ್ಬಳ್ದೇ ಬೇಕಾಗಿತ್ತು."

ಗಂಗುಲಮ್ಮನಿಗೆ ಯಾವ ಫಾರಂ ಎಂದು ತಿಳಿಯಲಿಲ್ಲ. ತಿಳಿದ ಇಬ್ಬರು ಬಾಯಿ ಬಿಡಲಿಲ್ಲ. ಮೇಷ್ಟ್ರು ಫೋನಿನ ಗಡಿಯಾರ ನೋಡಿದರು.

"ಇನ್ನೂ ನಾಲ್ಕು ನಿಮಿಷ ಇದೆ. ಗಂಗುಲಮ್ಮ, ಈಗ ನೀವು ಹೇಳಿ. ಎರಡೂರು ಬೇರೆ ಅಂತ ತೊಟ್ಟಿಲಿಗೆ ಹೆಂಗೆ ತಿಳಿಸೋದು?"

"ಅದೇನ್ ದೊಡ್ಡ ಇಸ್ಯ? ಯಾವ ಆಶಾ ಅಂತ ಕೇಳಿದ್ರೆ ಆಯ್ತು. ಆ ಊರಿಗೆ ಅಶ್ವತ್ಥಮ್ಮ, ಈ ಊರಿಗೆ ನಾನು."

ಅಷ್ಟೇ ಆಗಿತ್ತು. ಒಬ್ಬ ಕಾರ್ಯಕರ್ತೆಯ ವ್ಯಾಪ್ತಿಯೊಳಗೆ ಮಾತ್ರ ಹಳ್ಳಿಯೂ ಪಲ್ಲಿಯೂ ಒಂದು, ಅದರಾಚೆಗೆ ಬೇರೆ ಬೇರೆ. ಮೂರು ಸರದಿಯಲ್ಲಿ ಮುಗಿದ ಕೆಲಸ. ಕೊನೆಗೆ ತಿದ್ದುಪಡಿಯ ಜೊತೆಗೆ ಕಳಿಸುವ ಒಕ್ಕಣೆ ಬರೆಯುವ ಹೊತ್ತಿಗೆ ಮುನೇಶ್ ಕೀಲಿಮಣೆಯಲ್ಲಿದ್ದ. ಯಾರು ಹೇಳಬೇಕೆಂದು ಮೇಷ್ಟ್ರು ಸೂಚಿಸಲಿಲ್ಲ. ತನುಜಳೇ ಹೇಳಿದಳು. ಹಿಂದಿನ ಹನ್ನೊಂದು ಸಾಲಿನಿಂದ ಎರಡು ಊರು ಬೆರೆತುಹೋದವು, ಬರೆದವಳು ಬಳಸುವವರನ್ನು ಕೇಳಿರಲಿಲ್ಲ, ತಪ್ಪನ್ನು ಕಂಡುಹಿಡಿದವರೂ ದಾರಿ ತೋರಿಸಿದವರೂ ಚಿಲಕಪಲ್ಲಿಯ ಆಶಾ ಕಾರ್ಯಕರ್ತೆ ಗಂಗುಲಮ್ಮ. ಮುನೇಶ್ ಒಂದಕ್ಷರ ಬಿಡದೆ ಒತ್ತಿದ. ಲಾವಣ್ಯಳ ಮಗುವಿಗೆ ಗಂಗುಲಮ್ಮ ಗುರುವಾರವೇ ನರ್ಸಿನ ಹತ್ತಿರ ಜಗಳವಾಡಿ ಸೂಜಿ ಹಾಕಿಸಿದ್ದರು. ಆ ಮಟ್ಟಿಗೆ ಯಾರ ಪಾಪವೂ ಯಾರಿಗೂ ತಟ್ಟಲಿಲ್ಲ.

ಬುಧವಾರ ಲ್ಯಾಬಿನ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ತನುಜ ಸಂದರ್ಶನಕ್ಕೆ ಕೂತಳು. ಲ್ಯಾಪ್‌ಟಾಪಿನಲ್ಲಿ ಮೂರು ಮುಖಗಳು. ಪುಣೆಯ ಹೆಂಗಸು ಹನ್ನೊಂದು ಸಾಲನ್ನು ಮತ್ತೆ ಹೊಗಳಿದರು. ಭಾನುವಾರದ ಹೆಸರಿನಲ್ಲಿ ಬಂದ ತಿದ್ದುಪಡಿಯನ್ನು ಅವರು ಇನ್ನೂ ಓದಿರಲಿಲ್ಲ. ಅದು ತನುಜಳಿಗೆ ಕೂಡಲೇ ತಿಳಿಯಿತು. ಸುಮ್ಮನಿದ್ದಿದ್ದರೆ ಸಂದರ್ಶನ ಇಪ್ಪತ್ತು ನಿಮಿಷದಲ್ಲಿ ಸುಖವಾಗಿ ಮುಗಿಯುತ್ತಿತ್ತು. ಅವಳು ಸುಮ್ಮನಿರಲಿಲ್ಲ. ಅವಳ ಇಂಗ್ಲಿಷು ತಡವರಿಸಿತು, ಆದರೂ ಚಿಲಕದ ಕಥೆ, ಗಿಣಿಯ ಕಥೆ, ಇಬ್ಬರು ಲಾವಣ್ಯರ ಕಥೆ ಎಲ್ಲವನ್ನೂ ಹೇಳಿದಳು.

ಆಮೇಲೆ ಪ್ರಶ್ನೆಗಳು ಶುರುವಾದವು. ಗಂಗುಲಮ್ಮ ಯಾರು? ಎಷ್ಟು ವರ್ಷದಿಂದ ಈ ಕೆಲಸ? ಇಂಥವನ್ನು ಇನ್ನೂ ಎಷ್ಟು ಕಂಡಿದ್ದಾರೆ? ತನುಜಳ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ನಮಗೆ ಬರೆಯುವವರು ಬೇಕಾದಷ್ಟಿದ್ದಾರೆ, ಎಂದರು ಗುವಾಹಟಿಯವರು, ಈ ಗಂಗುಲಮ್ಮನವರೊಡನೆ ಮಾತಾಡಲಾಗುತ್ತದೆಯೇ? ಇವರನ್ನೂ ಈ ಸ್ಥಾನಕ್ಕೆ ನೋಡಬೇಕು ಎನಿಸುತ್ತಿದೆ.

"ಅವರಿಗೆ ಇಂಗ್ಲಿಷೂ ಬರಲ್ಲ, ಹಿಂದಿಯೂ ಬರಲ್ಲ. ನಾನು ಜೊತೆಗಿದ್ದು ಹೇಳ್ತೀನಿ," ಎಂದಳು ತನುಜ. ಹೇಳಿದ ಮೇಲೆ ಅವಳಿಗೆ ಹೊಟ್ಟೆ ಉರಿಯಿತು. ಉರಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ರಾತ್ರಿ ಊಟ ಸೇರಲಿಲ್ಲ, ಮಗಳ ಮೇಲೆ ಕಾರಣವಿಲ್ಲದೆ ರೇಗಿದಳು.

ಶನಿವಾರ ಸಾದಲಿಗೆ ಹೋಗಿ, ಅಲ್ಲಿಂದ ಆಟೋದಲ್ಲಿ ಚಿಲಕಪಲ್ಲಿಗೆ ಹೋದಳು. ಗಂಗುಲಮ್ಮನಿಗೆ ಫೋನಿನಲ್ಲಿ ಹೇಳಿದ್ದು ಇಷ್ಟು: ತೊಟ್ಟಿಲಿನವರಿಗೆ ಜನ ಬೇಕಂತೆ, ನಿಮ್ಮನ್ನೂ ಮಾತಾಡಿಸುತ್ತಾರಂತೆ. ಗಂಗುಲಮ್ಮ ಕೆಲಸದ ಗುಲಾಬಿ ಸೀರೆಯನ್ನು ಇಸ್ತ್ರಿ ಮಾಡಿ ಉಟ್ಟುಕೊಂಡು, ಹಜಾರದಲ್ಲಿ ಎರಡು ಕುರ್ಚಿ ಹಾಕಿ ಕಾಯುತ್ತಿದ್ದರು. ಪಕ್ಕದ ಕೋಣೆಯ ತಟ್ಟೆಗಳಲ್ಲಿ ರೇಷ್ಮೆ ಹುಳು ಸೊಪ್ಪು ಮೇಯುವ ಸದ್ದು ಸಣ್ಣಗೆ ಬರುತ್ತಿತ್ತು.

ಮೊದಲ ಪ್ರಶ್ನೆಗಳು ಸಲೀಸಾಗಿ ಹೋದವು. ಎಷ್ಟು ಮನೆ, ಎಷ್ಟು ಊರು, ಮಳೆಗಾಲದಲ್ಲಿ ಹೇಗೆ ಹೋಗುತ್ತೀರಿ. ಗಂಗುಲಮ್ಮ ಹೇಳಿದ್ದನ್ನು ತನುಜ ಇಂಗ್ಲಿಷಿಗೆ ಇಟ್ಟಳು, ಅವರು ಕೇಳಿದ್ದನ್ನು ಕನ್ನಡಕ್ಕೆ ಇಟ್ಟಳು. ಆಮೇಲೆ ಪುಣೆಯ ಹೆಂಗಸು ಕೇಳಿದರು: ಈ ಕೆಲಸಕ್ಕೆ ನೀವೇ ಯಾಕೆ ತಕ್ಕವರು?

ತನುಜ ಕೇಳಿದಳು. ಗಂಗುಲಮ್ಮ ನಾಚಿಕೊಂಡು ನಕ್ಕು, ಸೆರಗನ್ನು ಭುಜದ ಮೇಲೆ ಎಳೆದುಕೊಂಡರು.

"ಅಯ್ಯೋ, ನಂಗೇನಮ್ಮ ಬರ್ತದೆ. ಎಸ್ಸೆಸ್ಸೆಲ್ಸಿ ಪೇಲು. ನಂಗೇನೂ ಗೊತ್ತಿಲ್ಲ ಅಂತ ಏಳ್ಬುಡು."

ದೊಡ್ಡವರು ಹೊಗಳಿಕೆ ಎದುರಿಗೆ ಬಂದಾಗ ಈ ಕಡೆ ಹೀಗೇ ಹೇಳುವುದು. ನೂರು ಜನಕ್ಕೆ ಅಡುಗೆ ಮಾಡುವ ಹೆಂಗಸೂ ನಂಗೆಲ್ಲಿ ಬರುತ್ತೆ ಎನ್ನುತ್ತಾಳೆ. ಕೇಳಿದವರು ಅದನ್ನು ನಂಬಬಾರದು ಎನ್ನುವುದು ಹೇಳಿದವರಿಗೂ ಗೊತ್ತು, ಕೇಳಿದವರಿಗೂ ಗೊತ್ತು. ಪುಣೆಯವರಿಗೆ ಗೊತ್ತಿಲ್ಲ. ಆ ಮಾತನ್ನು ಇದ್ದದ್ದಿದ್ದಂತೆ ಇಂಗ್ಲಿಷಿಗೆ ಇಟ್ಟರೆ ಸಾಕಿತ್ತು. ತನಗೇನೂ ಗೊತ್ತಿಲ್ಲವಂತೆ, ಪರೀಕ್ಷೆಯಲ್ಲಿ ನಪಾಸಂತೆ. ಅದರಲ್ಲಿ ಸುಳ್ಳಿಲ್ಲ, ಮೋಸವಿಲ್ಲ. ಯಾವ ಬ್ಲೇಮಿಗೂ ಅದು ಸಿಗುತ್ತಿರಲಿಲ್ಲ. ಏಪ್ರಿಲ್‌ಗೆ ಇನ್ನು ಮೂರು ವಾರ ಇತ್ತು.

ಮೂರು ಮುಖಗಳು ಕಾಯುತ್ತಿದ್ದವು.

ಆಮೇಲೆ ಹೇಳಿದಳು. ಇವರು ತನಗೇನೂ ಗೊತ್ತಿಲ್ಲ ಅನ್ನುತ್ತಿದ್ದಾರೆ, ನಮ್ಮ ಕಡೆ ಗೊತ್ತಿರುವವರು ಹಾಗೇ ಹೇಳುವುದು. ಇವರ ಕೈಕೆಳಗೆ ಇನ್ನೂರ ಹನ್ನೆರಡು ಮನೆಗಳಿವೆ, ಯಾವ ಮನೆಯ ಯಾವ ಮಗುವಿಗೆ ಯಾವ ಸೂಜಿ ಬಾಕಿ ಎಂದು ಪುಸ್ತಕ ನೋಡದೆ ಹೇಳುತ್ತಾರೆ, ಬೇಕಾದರೆ ಈಗಲೇ ಕೇಳಿ ನೋಡಿ. ನಮ್ಮ ನಾಲ್ವರಲ್ಲಿ ಪ್ರೋಗ್ರಾಂ ಬರೆಯಲು ಮೂವರಿಗೆ ಬರುತ್ತದೆ. ಅದು ಎಲ್ಲಿ ತಪ್ಪಿದೆ ಎಂದು ಹೇಳಲು ಇವರೊಬ್ಬರಿಗೇ ಬರುವುದು. ನಾನು ಅದನ್ನು ತಡವಾಗಿ ಕಲಿತೆ.

ಈ ಸಲ ಅವಳ ಇಂಗ್ಲಿಷು ತಡವರಿಸಲಿಲ್ಲ. ಗಂಗುಲಮ್ಮ ಬೆರಗಾಗಿ ನೋಡುತ್ತಿದ್ದರು.

"ಅಷ್ಟುದ್ದ ಏನೇಳ್ದೆ? ನಾನು ಅಷ್ಟೆಲ್ಲ ಏಳ್ಲಿಲ್ವಲ್ಲ."

"ನೀವು ಹೇಳಿದ್ದನ್ನೇ ಹೇಳ್ದೆ ಅಕ್ಕ."

ಗುವಾಹಟಿಯವರು ನಿಜವಾಗಿಯೂ ಕೇಳಿ ನೋಡಿದರು. ತೊಟ್ಟಿಲಿನ ಪಟ್ಟಿ ತೆರೆದಿಟ್ಟುಕೊಂಡು ಹದಿನಾಲ್ಕು ಮಕ್ಕಳ ಹೆಸರು ಹಿಡಿದು ಕೇಳಿದರು. ಗಂಗುಲಮ್ಮ ಹದಿನಾಲ್ಕಕ್ಕೂ ಉತ್ತರ ಹೇಳಿ, ಪಟ್ಟಿಯಲ್ಲೇ ಎರಡು ತಪ್ಪು ಹಿಡಿದರು.

ಉತ್ತರ ಬಂದದ್ದು ಮುಂದಿನ ಗುರುವಾರ. ಗಂಗುಲಮ್ಮನಿಗೆ ಇಮೇಲ್ ಇರಲಿಲ್ಲವಾದ್ದರಿಂದ ತನುಜಳದಕ್ಕೇ ಬಂತು. ಅವಳು ಲ್ಯಾಬಿನಲ್ಲಿದ್ದಳು. ಒಮ್ಮೆ ತನಗಾಗಿ ಓದಿಕೊಂಡಳು. ಕಣ್ಣು ತುಂಬಿ ಬಂತು, ಒರೆಸಿಕೊಂಡಳು. ಮೂರು ರಕ್ತದ ವರದಿ ಮುಗಿಸಿ, ಹೊರಗೆ ಬಂದು, ನೆರಳಿನಲ್ಲಿ ನಿಂತು ಫೋನ್ ಮಾಡಿ ಕನ್ನಡದಲ್ಲಿ ಓದಿ ಹೇಳಿದಳು.

"ಇನ್ನೊಂದ್ಸಲ ಓದಮ್ಮ," ಎಂದರು ಗಂಗುಲಮ್ಮ.

ಓದಿದಳು.

"ಇರು, ಸೊಸೆ ಬಂದ್ಲು. ಅವಳ್ಗೂ ಕೇಳ್ಲಿ. ಗಟ್ಟಿಯಾಗಿ ಓದು."

ಮೂರನೇ ಸಲವೂ ಓದಿದಳು. ಆ ಕಡೆ ಯಾರೋ ಜೋರಾಗಿ ನಕ್ಕರು, ಮಗುವೊಂದು ಕೂಗಿತು, ಯಾರಿಗೋ ಬೆಲ್ಲ ತರಲು ಹೇಳಿದ್ದು ಕೇಳಿಸಿತು. ಸಂತೋಷವೆಲ್ಲ ಒಂದು ಸುತ್ತು ಮುಗಿದ ಮೇಲೆ ಗಂಗುಲಮ್ಮ ಮತ್ತೆ ಫೋನಿಗೆ ಬಂದರು.

"ನಿನ್ನ ಕಾಗ್ದ ಯಾವಾಗ ಬರ್ತದಮ್ಮ?"

"ನಂದು ಬರಲ್ಲ ಅಕ್ಕ. ಅವರಿಗೆ ಬೇಕಾಗಿದ್ದು ಒಬ್ರೇ."

ಆ ಕಡೆ ಸದ್ದೆಲ್ಲ ನಿಂತಂತಾಯಿತು. ಗಂಗುಲಮ್ಮ ಫೋನು ಹಿಡಿದುಕೊಂಡು ಮನೆಯಿಂದ ಹೊರಗೆ ಬಂದಿರಬೇಕು.

"ಒಬ್ರೇನಾ? ಅವತ್ತು ಫಾರಂ ಅಂದ್ಯಲ್ಲ, ಅದು ಇದೇನಾ? ನಂಗೊಂದ್ ಮಾತು ಏಳ್ಬಾರ್ದಾಗಿತ್ತೇನೇ?"

"ಹೇಳಿದ್ರೆ ನೀವು ಶನಿವಾರ ಆ ಕುರ್ಚೀಲಿ ಕೂರ್ತಿರ್ಲಿಲ್ಲ ಅಕ್ಕ," ಎಂದಳು ತನುಜ.